ಮುರ್ಡೇಶ್ವರದಲ್ಲಿ ಹಂಪ್‌ಬ್ಯಾಕ್ ತಿಮಿಂಗಿಲ ಯಾವ ತಿಂಗಳಲ್ಲಿ ಕಾಣುತ್ತದೆ?

ಪ್ರಶ್ನೆ: ನಮ್ಮ ಶಿರಾ ತಾಲ್ಲೂಕಿನ ಕಗ್ಗಲಡುವಿನ ಹುಣಸೆ ಮರಗಳಿಗೆ ಪ್ರತಿ ವರ್ಷ ಬಣ್ಣದ ಕೊಕ್ಕರೆಗಳು ಬರುವಂತೆ, ಹಂಪ್‌ಬ್ಯಾಕ್ ತಿಮಿಂಗಿಲಗಳೂ ಕಾಲಕ್ಕೆ ಸರಿಯಾಗಿ ಕಡಲತೀರಕ್ಕೆ ಬರುತ್ತವೆ ಎಂದು ಓದಿದ್ದೇನೆ. ಮನೆಮಂದಿಯೊಂದಿಗೆ ಮುರ್ಡೇಶ್ವರಕ್ಕೆ ಹೋಗಬೇಕೆಂದಿದ್ದೇವೆ. ಯಾವ ತಿಂಗಳು ಸೂಕ್ತ?

ಉತ್ತರ: ತಿಮಿಂಗಿಲವನ್ನೇ ನೆಚ್ಚಿಕೊಂಡು ಹೊರಡುವುದಾದರೆ ಯಾವ ತಿಂಗಳೂ ಸೂಕ್ತವಲ್ಲ. ತಾವು ಓದಿರುವುದು ಸುಳ್ಳಲ್ಲ. ಆದರೆ ಅದು ಬೇರೆ ಸಮುದ್ರಗಳ ಮಾತು. ಸಾಮಾನ್ಯವಾಗಿ ಈ ತಿಮಿಂಗಿಲಗಳು ಬೇಸಿಗೆಯಲ್ಲಿ ಧ್ರುವಗಳ ಕಡೆಯ ತಣ್ಣೀರಿನಲ್ಲಿ ಹೊಟ್ಟೆ ತುಂಬಿಸಿಕೊಂಡು, ಚಳಿಗಾಲದಲ್ಲಿ ಮರಿ ಹಾಕಲು ಸಾವಿರಾರು ಕಿಲೋಮೀಟರ್ ಈಜಿ ಬೆಚ್ಚನೆಯ ನೀರಿಗೆ ಬರುತ್ತವೆ. ಹೀಗಾಗಿ ಆಸ್ಟ್ರೇಲಿಯಾದ ಹರ್ವಿ ಕೊಲ್ಲಿಯಲ್ಲಿ ಜುಲೈನಿಂದ ಅಕ್ಟೋಬರ್‌ವರೆಗೆ, ಹವಾಯಿಯಲ್ಲಿ ಡಿಸೆಂಬರ್‌ನಿಂದ ಏಪ್ರಿಲ್‌ವರೆಗೆ ಅವುಗಳನ್ನು ಬಹುಮಟ್ಟಿಗೆ ಭರವಸೆಯಿಂದಲೇ ನೋಡಬಹುದು.

ಅರಬ್ಬೀ ಸಮುದ್ರದ ಹಂಪ್‌ಬ್ಯಾಕ್‌ಗಳ ರೀತಿಯೇ ಬೇರೆ. ನಮ್ಮ ಹೊಲಗಳಿಗೆ ಮಳೆ ತರುವ ಅದೇ ನೈರುತ್ಯ ಮಾರುತವು ಒಮಾನ್ ಕರಾವಳಿಯ ಮೇಲ್ಮೈ ನೀರನ್ನು ಆಚೆಗೆ ತಳ್ಳಿದಾಗ, ಆಳದಿಂದ ತಣ್ಣನೆಯ, ಪೋಷಕಾಂಶ ತುಂಬಿದ ನೀರು ಮೇಲೆದ್ದು ಬಂದು ಅಲ್ಲಿ ಆಹಾರ ಸಮೃದ್ಧವಾಗುತ್ತದೆ. ಉಣ್ಣುವುದಕ್ಕೂ ಹೆರುವುದಕ್ಕೂ ಒಂದೇ ಕಡಲು ಸಾಕಾದ ಮೇಲೆ ಧ್ರುವಯಾತ್ರೆ ಏಕೆ? ತವರೂ ಅತ್ತೆಮನೆಯೂ ಒಂದೇ ಊರಿನಲ್ಲಿದ್ದಂತೆ. ಸುಮಾರು 70,000 ವರ್ಷಗಳಿಂದ ಇವು ಉಳಿದ ಹಂಪ್‌ಬ್ಯಾಕ್‌ಗಳಿಂದ ಬೇರ್ಪಟ್ಟಿವೆ ಎಂದು ವಂಶವಾಹಿಗಳ ಅಧ್ಯಯನ ಹೇಳುತ್ತದೆ.

ಸಂಖ್ಯೆಯೂ ತೀರಾ ಕಡಿಮೆ. ಒಮಾನ್ ಬಳಿ ನಡೆದ ಅಂದಾಜಿನಲ್ಲಿ ನೂರನ್ನೂ ಮುಟ್ಟಿಲ್ಲ. ಅವು ಮೊದಲೇ ವಿರಳವಾಗಿದ್ದವೋ ಏನೋ. ಆದರೆ 1965-66ರಲ್ಲಿ ಸೋವಿಯತ್ ಹಡಗುಗಳು ಈ ಸಮುದ್ರದಲ್ಲಿ ಕಾನೂನುಬಾಹಿರವಾಗಿ 242 ಹಂಪ್‌ಬ್ಯಾಕ್‌ಗಳನ್ನು ಕೊಂದದ್ದು ದೊಡ್ಡ ಪೆಟ್ಟು.

ಹಾಗೆಂದು ನಮ್ಮ ಕಡೆಗೆ ಬರುವುದೇ ಇಲ್ಲವೆಂದಲ್ಲ. 2017ರ ನವೆಂಬರ್‌ನಲ್ಲಿ ಒಮಾನ್ ಬಳಿ ಉಪಗ್ರಹ ಸಾಧನ ಅಳವಡಿಸಿದ್ದ ಹೆಣ್ಣು ತಿಮಿಂಗಿಲವೊಂದು ಡಿಸೆಂಬರ್‌ನಲ್ಲಿ ಸಮುದ್ರ ದಾಟಿ ಗೋವಾ ಸಮೀಪಕ್ಕೆ ಬಂದು, ಅಲ್ಲಿಂದ ದಕ್ಷಿಣಕ್ಕೆ ಭಾರತದ ತುದಿಯವರೆಗೂ ಸಾಗಿತು. ಅದರ ಹೆಸರು ಲುಬಾನ್, ಅಂದರೆ ನಮ್ಮಲ್ಲಿ ದರ್ಗಾಗಳ ಮುಂದೆ ಹೊಗೆಯಾಡುವ ಲೋಬಾನ. ಕರ್ನಾಟಕದ ಕಡಲನ್ನು ಹಾದೇ ಅದು ಹೋಗಿರಬೇಕು. ಆದರೆ ಒಂದು ತಿಮಿಂಗಿಲದ ಪಯಣವನ್ನು ವೇಳಾಪಟ್ಟಿಯೆಂದು ನಂಬಿ ಟಿಕೆಟ್ ಕಾಯ್ದಿರಿಸುವುದು ವಿವೇಕವಲ್ಲ.

ಕಾರವಾರದ ಕಡೆ ಯಾರಾದರೂ 'ಹಂಪ್‌ಬ್ಯಾಕ್ ತೋರಿಸುತ್ತೇವೆ' ಎಂದರೆ, ಅದು ತೀರದ ಆಳವಿಲ್ಲದ ನೀರಿನಲ್ಲಿ ಓಡಾಡುವ ಹಂಪ್‌ಬ್ಯಾಕ್ ಡಾಲ್ಫಿನ್ ಇರಬಹುದು. ಅದರ ಉದ್ದ ಎರಡೂವರೆ ಮೀಟರ್‌ನ ಆಸುಪಾಸು, ತಿಮಿಂಗಿಲದ್ದು ಹನ್ನೆರಡು ಮೀಟರ್‌ಗೂ ಹೆಚ್ಚು. ಡಾಲ್ಫಿನ್ ನೋಡುವ ಆಸೆಯಿದ್ದರೆ ಮಳೆಗಾಲ ಮುಗಿದು ಸಮುದ್ರ ಶಾಂತವಾದ ಮೇಲೆ, ನವೆಂಬರ್‌ನಿಂದ ಫೆಬ್ರವರಿಯೊಳಗೆ ಹೋಗಿ, ಲೈಫ್ ಜಾಕೆಟ್ ಕೊಡದ ದೋಣಿಯನ್ನು ಮಾತ್ರ ಹತ್ತಬೇಡಿ.

ಅಪರೂಪಕ್ಕೆ ತಿಮಿಂಗಿಲವೇ ಎದುರಾದರೆ ದೋಣಿಯನ್ನು ನೂರು ಮೀಟರ್‌ಗಿಂತ ಹತ್ತಿರ ಒಯ್ಯಲು ಬಿಡದೆ, ಅದು ಮುಳುಗುವಾಗ ಎತ್ತುವ ಬಾಲದ ಅಡಿಭಾಗವನ್ನು ಚಿತ್ರ ತೆಗೆಯಿರಿ. ಅಲ್ಲಿನ ಕಪ್ಪು-ಬಿಳಿ ಗುರುತು ಒಂದಕ್ಕಿದ್ದಂತೆ ಇನ್ನೊಂದಕ್ಕಿರುವುದಿಲ್ಲವಾದ್ದರಿಂದ, ಅರಣ್ಯ ಇಲಾಖೆಗೆ ತಲುಪಿಸಿದ ಆ ಒಂದು ಚಿತ್ರದಿಂದಲೇ ಅದು ಮೊದಲೇ ಪರಿಚಯವಿದ್ದ ತಿಮಿಂಗಿಲವೇ ಎಂದು ತಜ್ಞರು ಪತ್ತೆ ಮಾಡಬಲ್ಲರು.