ಗುರುತು ಹಾಕದೆ ಮರ ಗುತ್ತಿಗೆ ಕೊಡಬೇಡಿ

ಕಾಫಿ ಕೊಯ್ಲು ಮುಗಿಯುವ ಹೊತ್ತಿಗೆ ನನಗೆ ಫೋನ್ ಶುರುವಾಗುತ್ತದೆ. "ತೋಟದಲ್ಲಿ ನೆರಳಿನ ಸಿಲ್ವರ್ ಓಕ್ ಮರ ಜಾಸ್ತಿ ಆಗಿದೆ ಸಾರ್. ಒಂದಷ್ಟು ತೆಗೆಸಿ ಕಾಡುಮರ ನೆಡೋಣ ಅಂತ. ವ್ಯಾಪಾರಿ ರೇಟ್ ಹೇಳಿ ಹೋಗಿದ್ದಾನೆ, ಕೊಟ್ಟುಬಿಡ್ಲಾ?"

ಯಾವ ಮರ ಅಂತ ಗುರುತು ಹಾಕಿದ್ದೀರಾ ಅಂತ ಕೇಳುತ್ತೇನೆ. "ಅದನ್ನ ಅವನೇ ನೋಡ್ಕೊಳ್ತಾನೆ." ಈ ಉತ್ತರ ಕೇಳಿ ಕೇಳಿ ಸಾಕಾಗಿದೆ.

ವ್ಯಾಪಾರಿ ದುಡ್ಡು ಕೊಡುವುದು ನಾಟಾಕ್ಕೆ, ಅಂದರೆ ದಿಮ್ಮಿಗೆ. ಅವನಿಗೆ ನೆಟ್ಟಗೆ ಬೆಳೆದ ದಪ್ಪ ಮರ ಬೇಕು. ನಿಮ್ಮ ತೋಟದಿಂದ ಹೋಗಬೇಕಾದದ್ದು ಸೊಟ್ಟ ಮರ, ತುದಿ ಒಣಗಿದ ಮರ, ಎಳೆ ಹಲಸನ್ನು ಮೇಲೇಳಲು ಬಿಡದ ಮರ. ಅವನು ಕೆಟ್ಟವನಲ್ಲ, ಅವನ ಕಸುಬೇ ಅದು. ಆದರೆ ಆಯ್ಕೆ ಅವನಿಗೆ ಬಿಟ್ಟರೆ ಒಳ್ಳೆಯದು ಲಾರಿ ಹತ್ತುತ್ತದೆ, ಕಳಪೆಯದು ನಿಮಗೆ ಉಳಿಯುತ್ತದೆ. 1976ರ ಮರಗಳ ಸಂರಕ್ಷಣಾ ಕಾಯ್ದೆಯಲ್ಲಿ ಸಿಲ್ವರ್ ಕಡಿಯಲು ಅನುಮತಿ ಬೇಕಿಲ್ಲ. ಹಾಗಾಗಿ ಅರಣ್ಯ ಇಲಾಖೆಯವರು ಬಂದು ಎಣಿಸುವುದಿಲ್ಲ, ನೀವೇ ನೋಡಿಕೊಳ್ಳಬೇಕು. ಬೇರೆ ಜಾತಿಯ ಮರಕ್ಕೆ, ಕೊಡಗಿನಲ್ಲಿ ಗದ್ದೆಯ ಜೊತೆ ಹಿಂದೆ ಕೊಟ್ಟ ಕಾಡುಜಾಗವಾದ ಬಾಣೆ ಜಮೀನಿಗೆ ನಿಯಮ ಬೇರೆ. ಇಲಾಖೆಗೆ ಕಾಗದಪತ್ರ ತೋರಿಸಿ ಕೇಳದೆ ಅವುಗಳ ಮೇಲೆ ಗರಗಸ ಇಡಬೇಡಿ.

ಸೋಮವಾರಪೇಟೆ ಕಡೆಯ ಒಂದು ಅರೇಬಿಕಾ ತೋಟದ ದಂಪತಿ ನಲವತ್ತು ಮರ ಎಂದು ಮಾತಾಡಿ ಕೊಟ್ಟರು. ವ್ಯಾಪಾರಿ ನಲವತ್ತೇ ಕಡಿದ. ಎಲ್ಲವೂ ರಸ್ತೆಗೆ ಹತ್ತಿರವಿದ್ದ ಪಶ್ಚಿಮದ ಅಂಚಿನವು. ಮಧ್ಯಾಹ್ನದ ಬಿಸಿಲು ನೇರ ಗಿಡದ ಮೇಲೆ ಬಿತ್ತು, ಎಲೆ ಸುಟ್ಟಿತು. ಮುಂದಿನ ವರ್ಷ ನಾನು ಹೋದಾಗ ಕಾಂಡದ ಮೇಲೆ ಬೆರಳಿಗೆ ಸಿಗುವಂಥ ಉಬ್ಬು ಗೆರೆಗಳು. ಕಾಫಿ ಗಿಡದ ಕಾಂಡ ಕೊರೆಯುವ ಹುಳು, ಬಿಳಿ ಕಾಂಡಕೊರಕ. ನೆರಳು ಕಡಿಮೆಯಾದ ಕಡೆ ಅದರ ಕಾಟ ಜಾಸ್ತಿ. "ಎಣಿಸಿಯೇ ಕೊಟ್ಟಿದ್ದೆವಲ್ಲ" ಎಂದು ಆ ಮನೆಯ ಅಕ್ಕ ಕಣ್ಣೀರು ಹಾಕಿದರು. ಎಣಿಕೆ ಸರಿಯಾಗೇ ಇತ್ತು.

ಆದ್ದರಿಂದ ಮರ ಮರಕ್ಕೂ ಬಣ್ಣ ಹಚ್ಚಿ, ಎರಡು ಕಡೆ ಹಚ್ಚಿ. ಒಂದು ಎದೆಯೆತ್ತರದಲ್ಲಿ, ಕಡಿಯುವವರಿಗೆ ಕಾಣಲು. ಇನ್ನೊಂದು ಬುಡದಲ್ಲಿ, ಗರಗಸ ಕೂರುವುದಕ್ಕಿಂತ ಕೆಳಗೆ, ಮಣ್ಣಿಗೆ ತಾಗಿದಂತೆ. ಮೇಲಿನ ಗುರುತು ದಿಮ್ಮಿಯ ಜೊತೆ ಹೋಗುತ್ತದೆ. ಬುಡದ್ದು ಮೋಟಿನಲ್ಲಿ ಉಳಿಯುತ್ತದೆ. ಬಣ್ಣವಿಲ್ಲದ ಮೋಟು ಕಂಡಿತೋ, ಅಲ್ಲೇ ಕೆಲಸ ನಿಲ್ಲಿಸಿ ಕೇಳಿ. ನಂಬರು, ಸುತ್ತಳತೆ ತೋಟದ ಲೆಕ್ಕ ಬರೆಯುವ ರೈಟರ್ ಪುಸ್ತಕದಲ್ಲಿರಲಿ. ಸಾಧ್ಯವಾದರೆ ಕಡಿಯುವ ಕೂಲಿ ಬೇರೆ, ನಾಟಾ ಮಾರಾಟ ಬೇರೆ ಮಾಡಿ.

ಎಷ್ಟು ತೆಗೆಯಬೇಕು ಅಂತ ತೋಟ ನೋಡದೆ ಹೇಳಲಾರೆ. ಒಂದೇ ವರ್ಷ ಎಲ್ಲ ಮಾತ್ರ ಬೇಡ. ಜೂನ್ ಮಳೆಗೆ ಹಲಸು, ಅತ್ತಿ, ನಂದಿ ನೆಡಿ. ನೆಡುವ ಗುತ್ತಿಗೆಯಲ್ಲಿ ಮೂರು ವರ್ಷದ ಆರೈಕೆಯನ್ನೂ ಸೇರಿಸಿ.

ಈ ಸಲ ಅಕ್ಕನೇ ಬಣ್ಣದ ಡಬ್ಬ ಹಿಡಿದು ನನ್ನ ಜೊತೆ ತೋಟ ಸುತ್ತಿದರು. ಮೆಣಸಿನ ಬಳ್ಳಿ ತುಂಬಿದ್ದ ಒಂದು ಸಿಲ್ವರ್ ಹತ್ತಿರ ಬ್ರಷ್ ಹಿಂದಕ್ಕೆ ಎಳೆದುಕೊಂಡರು. "ಇದು ಮಾವ ನೆಟ್ಟಿದ್ದು, ಇದನ್ನ ಬಿಡುವಾ." ಅದನ್ನು ಬಿಟ್ಟು ಪಕ್ಕದ ಸೊಟ್ಟ ಮರಕ್ಕೆ ಹಚ್ಚಿದೆವು.