ಇಫ್ ಜೊತೆ ಹ್ಯಾಡ್ ಬಂದರೆ ಅದು ಹಳೇ ಮಾತಾ?

ಪ್ರಶ್ನೆ: ಅಕ್ಕೋರೇ, 'ಇಫ್ ಐ ಹ್ಯಾಡ್ ಮನಿ, ಐ ವುಡ್ ಬೈ ಎ ಕಾರ್' ಅಂದರೆ ಮೊದಲು ದುಡ್ಡಿತ್ತು, ಈಗ ಖಾಲಿಯಾಗಿದೆ ಅಂತಲ್ವಾ?

ಅಲ್ಲ. ಶಿರಸಿಯವರೂ ಇದನ್ನೇ ಕೇಳುತ್ತಾರೆ, ಕುಮಟಾದವರೂ ಇದನ್ನೇ ಕೇಳುತ್ತಾರೆ. ಹೇಳಿ ಹೇಳಿ ನನಗೂ ಸಾಕಾಗಿದೆ. ಇನ್ನು ಯಾರೇ ಕೇಳಿದರೂ ಈ ಬರಹವನ್ನೇ ಕಳಿಸುವುದು ಅಂತ ತೀರ್ಮಾನಿಸಿದ್ದೇನೆ.

ಆ ವಾಕ್ಯದ ಅರ್ಥ ಇಷ್ಟೇ: ಈಗ ನನ್ನ ಹತ್ತಿರ ದುಡ್ಡಿಲ್ಲ, ಇದ್ದರೆ ಕಾರು ತಗೊಳ್ತಿದ್ದೆ. ಮೊದಲು ಇತ್ತೋ ಇಲ್ಲವೋ, ವಾಕ್ಯ ಆ ಸುದ್ದಿಗೇ ಹೋಗುವುದಿಲ್ಲ.

ಗೈಡುಗಳು ಇಫ್ ವಾಕ್ಯಗಳನ್ನು ನಾಲ್ಕು ಜಾತಿ ಮಾಡಿ ನಂಬರು ಹಚ್ಚುತ್ತವೆ. ನಂಬರು ಮರೆತರೂ ನಡೆಯುತ್ತದೆ. ಯಾವಾಗಲೂ ಹೀಗೇ ಆಗುತ್ತದೆ ಅನ್ನುವುದಕ್ಕೆ ಎರಡೂ ಕಡೆ ವರ್ತಮಾನ ಸಾಕು: 'ಇಫ್ ವಿ ಡೋಂಟ್ ಸ್ಪ್ರೇ ಇನ್ ಟೈಮ್, ದ ನಟ್ಸ್ ಫಾಲ್.' ಕೊಳೆರೋಗ ಕಂಡ ಅಡಿಕೆ ತೋಟದವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಿಲ್ಲ. ಮುಂದೆ ಆಗಬಹುದಾದ್ದಕ್ಕೆ 'ಇಫ್ ಇಟ್ ರೇನ್ಸ್ ಟುಮಾರೋ, ಐ ವಿಲ್ ಸ್ಟೇ ಅಟ್ ಹೋಮ್.' ಮಳೆಯ ಕಡೆಗೆ ವಿಲ್ ಹಾಕಬೇಡಿ. ಆಗಿಹೋದದ್ದು ಬೇರೆ ಥರ ಆಗಿದ್ದರೆ ಅನ್ನುವುದಕ್ಕೆ ಹ್ಯಾಡ್ ಜೊತೆ ಕ್ರಿಯಾಪದದ ಮೂರನೇ ರೂಪ ಬೇಕು. 2024ರ ಆಗಸ್ಟ್ 7ರಂದು ಕಾರವಾರದ ಕಾಳಿ ನದಿಯ ಹಳೇ ಸೇತುವೆ ನಡುರಾತ್ರಿ ಕುಸಿಯಿತಲ್ಲ, ನದಿಗೆ ಬಿದ್ದದ್ದು ಒಂದೇ ಲಾರಿ, ಅದರ ಚಾಲಕನೂ ಬದುಕಿಕೊಂಡ. 'ಇಫ್ ಇಟ್ ಹ್ಯಾಡ್ ಕೊಲ್ಯಾಪ್ಸ್ಡ್ ಬೈ ಡೇ, ಮೆನಿ ಮೋರ್ ವೆಹಿಕಲ್ಸ್ ವುಡ್ ಹ್ಯಾವ್ ಫಾಲನ್.'

ಇವು ಮೂರೂ ಹೇಗೋ ಬಂದುಬಿಡುತ್ತವೆ. ಜನ ಸಿಕ್ಕಿಬೀಳುವುದು ಈಗಿನ ಕಲ್ಪನೆಯ ಮಾತಿನಲ್ಲಿ. 'ಹ್ಯಾಡ್, ಕೇಮ್, ವೆಂಟ್ ಎಲ್ಲ ಭೂತಕಾಲ. ಭೂತಕಾಲ ಅಂದರೆ ಕಳೆದ ಕಾಲ' ಅಂತ ಹೈಸ್ಕೂಲಿನಲ್ಲಿ ಬಾಯಿಪಾಠ ಮಾಡಿಸಿದ್ದು ತಲೆಯಿಂದ ಇಳಿಯುವುದೇ ಇಲ್ಲ.

ಇದರಿಂದ ನಷ್ಟವೂ ಆಗುತ್ತದೆ. ನನ್ನ ಹತ್ತಿರ ಕಲಿತ ಹುಡುಗನೊಬ್ಬ ಗೋಕರ್ಣದ ಕಡೆ ಒಂದು ರೆಸಾರ್ಟಿಗೆ ಸಂದರ್ಶನಕ್ಕೆ ಹೋಗಿದ್ದ. 'ವಾಟ್ ವುಡ್ ಯು ಡೂ ಇಫ್ ಎ ಗೆಸ್ಟ್ ಶೌಟೆಡ್ ಅಟ್ ಯು?' ಅಂತ ಕೇಳಿದರಂತೆ. ಇವನು ಗಾಬರಿಯಾಗಿ, 'ನೋ ಸರ್, ನೋಬಡಿ ಶೌಟೆಡ್' ಅಂದುಬಂದ. ಹಿಂದೆ ಯಾವತ್ತೋ ನಡೆದದ್ದನ್ನು ಕೆದಕುತ್ತಿದ್ದಾರೆ ಅಂದುಕೊಂಡನಂತೆ ಪಾಪ. ಅವರು ಕೇಳಿದ್ದು ಹಾಗೇನಾದರೂ ಆದರೆ ಏನು ಮಾಡ್ತೀಯಪ್ಪಾ ಅಂತ.

ಇಂಗ್ಲಿಷಿನವರಿಗೆ ತಲೆ ಸರಿ ಇಲ್ವಾ, ಈಗಿನ ಮಾತಿಗೆ ಹಳೇ ಕಾಲದ ರೂಪ ಯಾಕೆ ಅಂತ ಬೈಯುವ ಮೊದಲು ನಿಮ್ಮ ಬಾಯಲ್ಲೇ ಬರುವುದನ್ನು ಸ್ವಲ್ಪ ಕೇಳಿಸಿಕೊಳ್ಳಿ. 'ನಾಳೆ ಮಳೆ ಬಂದರೆ ಅಡಿಕೆ ಕೊಯ್ಯುವ ಕೊನೆಗೌಡ ಮರ ಹತ್ತುವುದಿಲ್ಲ.' ಈ 'ಬಂದರೆ' ಹುಟ್ಟಿದ್ದು ಎಲ್ಲಿಂದ? ಬರುತ್ತದೆ ಅನ್ನುವುದರಿಂದ ಅಲ್ಲ, 'ಬಂದ' ಅನ್ನುವುದರಿಂದ. ಹೋದ, ಹೋದರೆ. ತಿಂದ, ತಿಂದರೆ. ಬಿದ್ದ, ಬಿದ್ದರೆ. ಎಲ್ಲದರ ಒಳಗೂ ಭೂತಕಾಲದ ರೂಪವೇ ಕೂತಿದೆ. ಹಾಗಂತ ನಾಳೆಯ ಮಳೆಯನ್ನು ಯಾರೂ ನಿನ್ನೆಯದು ಅಂದುಕೊಳ್ಳುವುದಿಲ್ಲ. 'ಕಾರು ತಗೊಳ್ತಿದ್ದೆ' ಅಂದೆವಲ್ಲ, ಆ 'ತಗೊಳ್ತಿದ್ದೆ' ಬೇರೆ ಕಡೆ ಬಂದರೆ ಅಪ್ಪಟ ಹಳೇ ಮಾತು: 'ಮೊದಲೆಲ್ಲ ಸಂತೆಯಲ್ಲೇ ತರಕಾರಿ ತಗೊಳ್ತಿದ್ದೆ.' ನಾವು ಎರಡೂ ಕಡೆ ಭೂತಕಾಲ ಹಾಕಿ ಈಗಿನ ಕನಸು ಹೇಳುತ್ತೇವೆ. ಇಂಗ್ಲಿಷಿನವರು ಹ್ಯಾಡ್ ಅಂದರೆ ಮಾತ್ರ ನಮಗೆ ಆಶ್ಚರ್ಯ!

ಇನ್ನೂ ನಂಬಿಕೆ ಬರದಿದ್ದರೆ ವಾಕ್ಯದಲ್ಲಿ ಟುಮಾರೋ ಸೇರಿಸಿ ನೋಡಿ. 'ಇಫ್ ದ ಬಸ್ ಕೇಮ್ ಅರ್ಲಿ ಟುಮಾರೋ, ವಿ ವುಡ್ ಮಿಸ್ ಇಟ್.' ಸರಿಯಾದ ಇಂಗ್ಲಿಷ್. ಬಸ್ಸು ಬೇಗ ಬರುವುದು ಅಷ್ಟೇನೂ ನಂಬುವ ಮಾತಲ್ಲ ಅಂತ ಆ ಕೇಮ್ ಹೇಳುತ್ತಿದೆ. ಘಟ್ಟ ಹತ್ತಿ ಬರುವ ಬಸ್ಸಿನ ವಿಷಯದಲ್ಲಂತೂ ಅದೇ ಸರಿಯಾದ ರೂಪ. ನಿಜವಾಗಿ ಬರಬಹುದು ಅನ್ನಿಸಿದರೆ 'ಇಫ್ ದ ಬಸ್ ಕಮ್ಸ್' ಮತ್ತು ವಿಲ್. ಕನ್ನಡದ 'ಬಂದರೆ' ಎರಡಕ್ಕೂ ನಡೆಯುತ್ತದೆ. ಇಂಗ್ಲಿಷಿನಲ್ಲಿ ಒಂದನ್ನು ಆರಿಸಿಕೊಳ್ಳಲೇಬೇಕು. ಕಷ್ಟ ಇರುವುದು ಅಲ್ಲಿ.

ಕನ್ನಡವನ್ನು ಹಾಗೇ ಹೊತ್ತುಕೊಂಡು ಹೋಗುವವರೂ ಇದ್ದಾರೆ. 'ಇಫ್ ಯು ಟೋಲ್ಡ್ ಮಿ, ಐ ವಾಸ್ ಕಮಿಂಗ್.' ಹೇಳಿದ್ದರೆ ಬರ್ತಿದ್ದೆ ಅಂತ ಅವರ ಮನಸ್ಸಿನಲ್ಲಿ. ಇಂಗ್ಲಿಷಿನಲ್ಲಿ ಆ ವಾಸ್ ಕಮಿಂಗ್ ನಡೆಯುವುದಿಲ್ಲ. 'ಇಫ್ ಯು ಹ್ಯಾಡ್ ಟೋಲ್ಡ್ ಮಿ, ಐ ವುಡ್ ಹ್ಯಾವ್ ಕಮ್' ಅನ್ನಿ.

'ಇಫ್ ಐ ವರ್ ಯು' ಕೂಡ ಇದೇ ಸಾಲಿನದು. ಈ ವರ್ ಬಹುವಚನದ್ದಲ್ಲ. ಕಲ್ಪನೆಯ ಮಾತಿಗೆ ಹಳೇ ಇಂಗ್ಲಿಷಿನಲ್ಲಿ ಬೇರೆಯೇ ರೂಪಗಳಿದ್ದವು, ಅದರಲ್ಲಿ ಉಳಿದುಕೊಂಡದ್ದು ಇದು. ಮಾತಿನಲ್ಲಿ 'ಇಫ್ ಐ ವಾಸ್' ಅನ್ನುವ ಇಂಗ್ಲಿಷಿನವರು ಬೇಕಾದಷ್ಟು ಜನ ಇದ್ದಾರೆ. ಪರೀಕ್ಷೆಯಲ್ಲಿ ಮಾತ್ರ ವರ್ ಬರೆಯಿರಿ.

ಯಾರೂ ಕೇಳದ ಇನ್ನೊಂದು ವಿಷಯ ಇದೆ, ನಿಜವಾಗಿ ಕೇಳಬೇಕಾದದ್ದು ಅದನ್ನೇ. 'ಟೇಕ್ ಆನ್ ಅಂಬ್ರೆಲಾ ಇಫ್ ಇಟ್ ರೇನ್ಸ್' ಅಂದರೆ ಮಳೆ ಬಂದರೆ ಕೊಡೆ ತಗೋ, ಇಲ್ಲದಿದ್ದರೆ ಬೇಡ ಅಂತ. ಜುಲೈ ತಿಂಗಳಲ್ಲಿ ಶಿರಸಿಯಲ್ಲಿ ಹಾಗೆ ಕಾಯುತ್ತಾ ಕೂತರೆ ಬಸ್‌ಸ್ಟ್ಯಾಂಡ್ ಮುಟ್ಟುವ ಮೊದಲೇ ತೊಪ್ಪೆಯಾಗುತ್ತೀರಿ. ಮಳೆ ಬಂದೀತು, ಈಗಲೇ ಕೊಡೆ ಇಟ್ಟುಕೋ ಅನ್ನಲು 'ಇನ್ ಕೇಸ್ ಇಟ್ ರೇನ್ಸ್' ಬೇಕು. ನಮ್ಮ ಕಡೆ 'ಇನ್ ಕೇಸ್ ಯು ಕಮ್, ಕಾಲ್ ಮಿ' ಅಂತ ಎರಡನ್ನೂ ಕಲಸಿಬಿಡುತ್ತಾರೆ. ಅಮೆರಿಕದವರಿಗೆ ಅದು ಅಷ್ಟು ಕಿರಿಕಿರಿ ಅನ್ನಿಸದು, ಬ್ರಿಟಿಷ್ ಕಿವಿಗೆ ಒಗ್ಗುವುದಿಲ್ಲ. ಆದರೆ ಇನ್ ಕೇಸ್ ಆದಮೇಲೆ ಆಫ್ ಬಂತೋ, ಎಲ್ಲರಿಗೂ ಅದು ಇಫ್ ಅಂತಲೇ ಲೆಕ್ಕ. 'ಇನ್ ಕೇಸ್ ಆಫ್ ಫೈರ್, ಬ್ರೇಕ್ ದ ಗ್ಲಾಸ್' ಅಂತ ಬೋರ್ಡು ಕಂಡರೆ ಮುಂಜಾಗ್ರತೆಗೆ ಈಗಲೇ ಗಾಜು ಒಡೆಯಲು ಹೋಗಬೇಡಿ.