ಉಸಿರು ಸಾಲುತ್ತದೆ, ಕಾಲು ನೋಯುತ್ತದೆ: 10ಕೆ ಓಡಬಹುದೇ?

ಪ್ರಶ್ನೆ: ಆರು ತಿಂಗಳು ಓಟ ಬಿಟ್ಟಿದ್ದೆ. ಮತ್ತೆ ಶುರು ಮಾಡಿ ಒಂದು ತಿಂಗಳಾಯಿತು. ಐದು ಕಿ.ಮೀ. ನಿಲ್ಲದೆ ಓಡುತ್ತೇನೆ, ಏದುಸಿರಿಲ್ಲ. ಆದರೆ ಮೊಣಕಾಲಿನ ಕೆಳಗೆ, ಒಳಬದಿಗೆ, ಮೂಳೆಗುಂಟ ನೋವು. ಮೈ ಬೆಚ್ಚಗಾದ ಮೇಲೆ ಮಾಯವಾಗುತ್ತದೆ, ಮರುದಿನ ಬೆಳಗ್ಗೆ ಮತ್ತೆ ಹಾಜರ್. ಬೆಂಗಳೂರಿನ ವರ್ಲ್ಡ್ 10ಕೆ ಎಂಬ ಹತ್ತು ಕಿ.ಮೀ. ಓಟಕ್ಕೆ ಹೆಸರು ಕೊಟ್ಟಿದ್ದೇನೆ, ಇನ್ನು ಹತ್ತು ವಾರ ಇದೆ. ಓಡಲೋ, ನಿಲ್ಲಿಸಲೋ?

ಉತ್ತರ: ಮೊದಲು ಹೆಬ್ಬೆರಳಿಗೆ ಕೆಲಸ ಕೊಡಿ. ಪಾದದ ಒಳಗಿಣ್ಣಿನ ಮೇಲಿನಿಂದ ಶುರು ಮಾಡಿ, ಮೂಳೆಯ ಒಳ ಅಂಚನ್ನು ಒಂದೊಂದೇ ಇಂಚು ಒತ್ತುತ್ತಾ ಮೊಣಕಾಲಿನವರೆಗೆ ಬನ್ನಿ. ನೋವು 5 ಸೆಂ.ಮೀ.ಗಿಂತ ಉದ್ದಕ್ಕೆ ಹರಡಿಕೊಂಡಿದ್ದರೆ ಅದು ಹೆಚ್ಚಾಗಿ ಓಟಗಾರರು ಶಿನ್ ಸ್ಪ್ಲಿಂಟ್ಸ್ ಎನ್ನುವ ತೊಂದರೆ, ಅಂದರೆ ಹೊರೆ ಹೆಚ್ಚಾಗಿ ಮೂಳೆಯ ಅಂಚಿಗೆ ಬರುವ ನೋವು. ನೀವು ಹೇಳಿದ ಲಕ್ಷಣಗಳೂ ಅದಕ್ಕೇ ಹೊಂದುತ್ತವೆ. ಅದನ್ನು ಸಂಭಾಳಿಸಿಕೊಂಡು ಓಡಬಹುದು.

ಹಾಗಲ್ಲದೆ ರೂಪಾಯಿ ನಾಣ್ಯದಷ್ಟು ಜಾಗದಲ್ಲಿ ಮಾತ್ರ ಚುಚ್ಚಿದಂತೆ ನೋಯುತ್ತಿದೆಯೇ? ರಾತ್ರಿ ಮಲಗಿದಾಗಲೂ ನೋವಿದೆಯೇ? ಓಡಿದಷ್ಟೂ ಹೆಚ್ಚುತ್ತದೆಯೇ? ಮೂಳೆಯ ಮುಂಭಾಗದ ಏಣಿನ ಮೇಲೇ ನೋವೇ? ಇವುಗಳಲ್ಲಿ ಒಂದಕ್ಕೆ ಹೌದು ಎಂದರೂ ಓಟ ಇಂದೇ ನಿಲ್ಲಬೇಕು, ಮೂಳೆ ವೈದ್ಯರಿಗೆ ತೋರಿಸಬೇಕು. ಮೂಳೆಯಲ್ಲಿ ಕೂದಲೆಳೆಯ ಬಿರುಕಿರುವ ಸಾಧ್ಯತೆ ಇದೆ. ಎಕ್ಸ್‌ರೇ ಸರಿಯಾಗಿದೆ ಎಂದಾಕ್ಷಣ ನಿಶ್ಚಿಂತರಾಗಬೇಡಿ. ಮೊದಲ ಎರಡು ಮೂರು ವಾರ ಇಂಥ ಬಿರುಕು ಎಕ್ಸ್‌ರೇಯಲ್ಲಿ ಕಾಣದೇ ಹೋಗಬಹುದು, ಎಂಆರ್‌ಐಯಲ್ಲಿ ಸಿಗುತ್ತದೆ. ಇನ್ನೊಂದು: ಒಂದೇ ಕಾಲಿನ ಮೀನಖಂಡ ಊದಿ ಬಿಸಿಯಾಗಿದ್ದರೆ ಅದು ಓಟದ ನೋವಲ್ಲ, ರಕ್ತ ಹೆಪ್ಪುಗಟ್ಟಿರಬಹುದು. ಅಂದೇ ಆಸ್ಪತ್ರೆಗೆ ಹೋಗಿ.

ಸರಿಯಾಗಿ ಒಂದು ತಿಂಗಳಿಗೇ ನೋವು ಬಂದದ್ದು ಆಕಸ್ಮಿಕವಲ್ಲ. ಹೃದಯ, ಶ್ವಾಸಕೋಶ, ರಕ್ತ ಕೆಲವೇ ವಾರಗಳಲ್ಲಿ ಹಳೆಯ ಲಯಕ್ಕೆ ಬರುತ್ತವೆ. ಮೂಳೆಯ ದಾರಿ ಬೇರೆ. ಹೊಡೆತ ಹೆಚ್ಚಿದಾಗ ಅದು ಮೊದಲು ಹಳೆಯದನ್ನು ಕರಗಿಸಿ ತೆಗೆಯುತ್ತದೆ, ಆಮೇಲೆ ಹೊಸದನ್ನು ಕಟ್ಟುತ್ತದೆ. ಕರಗಿಸಲು ಕೆಲವು ವಾರ ಸಾಕು, ಕಟ್ಟಿ ಗಟ್ಟಿಯಾಗಲು ಮೂರು ನಾಲ್ಕು ತಿಂಗಳು ಬೇಕು. ನಡುವಿನ ಅವಧಿಯಲ್ಲಿ ಮೂಳೆ ಮೊದಲಿಗಿಂತ ತುಸು ದುರ್ಬಲ. ಉಸಿರು ಸಾಲುತ್ತಿದೆಯೆಂದು ನಾವು ದೂರ, ವೇಗ ಎರಡನ್ನೂ ಏರಿಸುವುದು ಆಗಲೇ! ಹಿಂದೆ ಚೆನ್ನಾಗಿ ಓಡುತ್ತಿದ್ದವರಿಗೂ ಈ ಕಾಟ ತಪ್ಪಿದ್ದಲ್ಲ, ಅವರಿಗೆ ತಮ್ಮ ಹಳೆಯ ವೇಗ ನೆನಪಿರುತ್ತದೆ.

ಹಾಗಾದರೆ ಎಷ್ಟು ನೋವು ಸಹಿಸಬಹುದು? ಹತ್ತಕ್ಕೆ ಅಂಕ ಕೊಡಿ. ಓಡುವಾಗ ಮೂರು ದಾಟಬಾರದು, ಕುಂಟಬಾರದು, ಮರುದಿನ ಬೆಳಗ್ಗೆ ಮಂಚದಿಂದಿಳಿದು ನಡೆಯುವಾಗ ನಿನ್ನೆ ಬೆಳಗ್ಗೆಗಿಂತ ಹೆಚ್ಚಿರಬಾರದು. ಓಡುವಾಗಿನ ಅಂಕಕ್ಕಿಂತ ಈ ಬೆಳಗಿನ ಲೆಕ್ಕವನ್ನೇ ಹೆಚ್ಚು ನಂಬಿ. ಮೈ ಬೆಚ್ಚಗಾದಾಗ ನೋವು ಅಡಗುತ್ತದೆ ಅಷ್ಟೇ, ವಾಸಿಯಾಗಿರುವುದಿಲ್ಲ.

ಸದ್ಯ ಒಂದು ವಾರ ಓಟ ಬಿಡಿ. ಸೈಕಲ್ ತುಳಿಯಿರಿ, ಈಜು ಬಂದರೆ ಈಜಿ. 30 ನಿಮಿಷ ಬಿರುಸಾಗಿ ನಡೆದರೂ ನೋಯದಿದ್ದಾಗ ಮತ್ತೆ ಶುರು ಮಾಡಿ: ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ, ಎಂಟು ಸಲ. ದಿನ ಬಿಟ್ಟು ದಿನ ಮಾತ್ರ. ಎರಡು ಸಲ ತಕರಾರಿಲ್ಲದೆ ಮುಗಿದರೆ ಓಟ ಎರಡು ನಿಮಿಷ, ನಡಿಗೆ ಒಂದು ನಿಮಿಷ. ಮುಂದೆ ನಾಲ್ಕಕ್ಕೊಂದು, ಆಮೇಲೆ ಒಂಬತ್ತಕ್ಕೊಂದು. ಬೆಳಗಿನ ಅಂಕ ಏರಿದರೆ ಒಂದು ಮೆಟ್ಟಿಲು ಕೆಳಗಿಳಿಯಿರಿ. ಮೊದಲು ದೂರ ಬೆಳೆಯಲಿ, ವೇಗದ ಮಾತು ಆಮೇಲೆ. ಇಳಿಜಾರಿನ ರಸ್ತೆ ಸದ್ಯಕ್ಕೆ ಬೇಡ.

ಹೆಜ್ಜೆಯನ್ನೂ ಎಣಿಸಿ. ಬಲಗಾಲು 30 ಸೆಕೆಂಡಿನಲ್ಲಿ ಎಷ್ಟು ಸಲ ನೆಲ ಮುಟ್ಟಿತು ನೋಡಿ, ನಾಲ್ಕರಿಂದ ಗುಣಿಸಿ. 160 ಬಂದರೆ ಅದೇ ವೇಗದಲ್ಲಿ 168ಕ್ಕೆ ತನ್ನಿ. ಹೆಜ್ಜೆ ಗಿಡ್ಡವಾಗುತ್ತದೆ, ಪ್ರತಿ ಹೆಜ್ಜೆಯ ಹೊಡೆತ ತಗ್ಗುತ್ತದೆ. ಒಮ್ಮೆಲೇ 180ಕ್ಕೆ ಹಾರಿದರೆ ಮೀನಖಂಡ ಹಿಡಿದುಕೊಳ್ಳುತ್ತದೆ.

ಬಹಳ ಮಂದಿ ತಪ್ಪಿಸುವುದು ಮೀನಖಂಡದ ವ್ಯಾಯಾಮವನ್ನು. ಗೋಡೆ ಹಿಡಿದು ಒಂಟಿಕಾಲಲ್ಲಿ ನಿಂತು ಹಿಮ್ಮಡಿ ಎತ್ತಿ ನೋಡಿ. ನೋವಿಲ್ಲದ ಕಾಲು 25 ಸಲ ಎತ್ತಿ, ನೋವಿನ ಕಾಲು 15ಕ್ಕೇ ಸೋತರೆ ಆ ಮೂಳೆಯ ಬಳಿಯ ಸ್ನಾಯು ತನ್ನ ಪಾಲಿನ ಹೊರೆ ಹೊರುತ್ತಿಲ್ಲ. ಮೆಟ್ಟಿಲಂಚಿನಲ್ಲಿ ನಿಂತು ಎರಡು ಸೆಕೆಂಡಿಗೆ ಏರಿ, ಮೂರು ಸೆಕೆಂಡಿಗೆ ಇಳಿಯಿರಿ: 12ರಂತೆ ಮೂರು ಸುತ್ತು ಮೊಣಕಾಲು ನೇರವಿಟ್ಟು, ಮತ್ತೆ ಮೂರು ಸುತ್ತು ತುಸು ಮಡಚಿ. ಮಡಚಿ ಮಾಡುವುದನ್ನು ಬಿಡಬೇಡಿ, ಓಟದಲ್ಲಿ ಅತಿ ಹೆಚ್ಚು ಹೊರೆ ಹೊರುವ ಒಳಸ್ನಾಯುವಿಗೆ ಕೆಲಸ ಸಿಗುವುದು ಅದರಿಂದಲೇ. ವಾರಕ್ಕೆ ಮೂರು ದಿನ. ಸುಲಭವೆನಿಸಿದಾಗ ಬೆನ್ನಿಗೆ ಐದು ಕೆ.ಜಿ. ಅಕ್ಕಿಯ ಬ್ಯಾಗ್ ಏರಿಸಿ. ಮರುದಿನ ಮಾಂಸಖಂಡ ನೊಂದರೆ ಚಿಂತೆಯಿಲ್ಲ, ಮೂಳೆ ನೊಂದರೆ ಸುತ್ತು ಕಡಿಮೆ ಮಾಡಿ.

ಐಸ್ ನೋವನ್ನು ಮರೆಸುತ್ತದೆ, ಅಷ್ಟೇ. ಮಾಂಸಖಂಡ ಸಡಿಲಿಸಲು ಬಳಸುವ ಫೋಮ್ ರೋಲರನ್ನು ಮೂಳೆಯ ಮೇಲೆ ಉರುಳಿಸಬೇಡಿ. ಶೂ 700-800 ಕಿ.ಮೀ. ಕಂಡಿದ್ದರೆ ಬದಲಿಸಿ. ತೂಕ ಇಳಿಸಲೆಂದು ಊಟ ಕಡಿಮೆ ಮಾಡಿಕೊಂಡು ಓಡುತ್ತಿದ್ದರೆ ಮೂಳೆ ದುರಸ್ತಿಯಾಗುವುದಿಲ್ಲ. ಮುಟ್ಟು ನಿಂತಿರುವ ಮಹಿಳೆಯರು ಇದನ್ನು ಮುಖ್ಯ ಎಚ್ಚರಿಕೆಯೆಂದೇ ತಿಳಿದು ವೈದ್ಯರಿಗೆ ಹೇಳಬೇಕು. ದಿನವಿಡೀ ಆಫೀಸಿನೊಳಗೇ ಇರುವವರು ವಿಟಮಿನ್ ಡಿ ಪರೀಕ್ಷೆ ಮಾಡಿಸಿಕೊಳ್ಳುವುದು ಒಳ್ಳೆಯದು.

ಇನ್ನು ರೇಸ್. ತೀರ್ಮಾನವನ್ನು ಈಗಲ್ಲ, ಮೂರು ವಾರ ಮುಂಚೆ ಮಾಡಿ. ಅಷ್ಟರಲ್ಲಿ 7 ಕಿ.ಮೀ. ಓಡಿ ಮರುದಿನ ಬೆಳಗ್ಗೆ ಅಂಕ ಎರಡರೊಳಗಿದ್ದರೆ ಹೋಗಿ. ಆಗದಿದ್ದರೂ ಒಂಬತ್ತಕ್ಕೊಂದರ ಲೆಕ್ಕದಲ್ಲಿ ಅಷ್ಟೇ ದೂರ ನೋಯದೆ ಸಾಗುತ್ತಿದ್ದರೆ ರೇಸನ್ನೂ ಹಾಗೇ ಮುಗಿಸಬಹುದು. ಎರಡೂ ಆಗದಿದ್ದರೆ ಈ ವರ್ಷ ಬಿಟ್ಟುಬಿಡಿ, 2008ರಿಂದ ನಡೆಯುತ್ತಿರುವ ಓಟ ಅದು. ರೇಸಿನ ಬೆಳಗ್ಗೆ ಐಬುಪ್ರೊಫೆನ್, ಡೈಕ್ಲೊಫೆನಾಕ್‌ನಂಥ ನೋವಿನ ಮಾತ್ರೆ ನುಂಗಿ ಹೊರಡಬೇಡಿ. ಎಚ್ಚರಿಸುವ ನೋವು ಮುಚ್ಚಿಹೋಗುತ್ತದೆ, ಬೇಸಿಗೆಯ ಬೆವರಿನ ಜೊತೆ ಮೂತ್ರಪಿಂಡಕ್ಕೂ ಪೆಟ್ಟು. ದಾರಿಯಲ್ಲಿ ಕುಂಟುವಂತಾದರೆ ಅಲ್ಲಿಂದ ನಡೆಯಿರಿ. ಮುಗಿದ ಮೇಲೆ ನಾಲ್ಕು ದಿನ ಓಟ ಬೇಡ. ಐದನೆಯ ದಿನ ಮತ್ತೆ ಮೂಳೆಯ ಅಂಚನ್ನು ಒತ್ತಿ ನೋಡಿ, ಮೊದಲಿಗಿಂತ ಹೆಚ್ಚು ನೋಯದಿದ್ದರೆ 20 ನಿಮಿಷದ ನಿಧಾನ ಓಟದಿಂದ ಶುರು ಮಾಡಿ.